ಪೊರೆ

ಹಲ್ಲಲ್ಲ, ಹಲ್. ಇಂಗ್ಲೆಂಡಿನ ಪೂರ್ವದ ಅಂಚಿನ ಊರು.
ಹಂಬರ್ ನದಿಯ ಕಂದು ನೀರಿಗೆ ಬೆನ್ನು ಹಾಕಿದ
ನಮ್ಮ ಶೆಡ್ಡಿನಲ್ಲಿ ಕೆಲಸ ಒಂದೇ:
ಬಣ್ಣಕ್ಕೆ ಬಣ್ಣ ಕೂಡಿಸಿ ಬಣ್ಣವೇ ಇಲ್ಲದಂತೆ ಮಾಡುವುದು.

ನೀಲಿ ಒಂದು ಡಬ್ಬ, ನೇರಳೆ ಒಂದು, ಇಟ್ಟಿಗೆಗೆಂಪು ಒಂದು.
ನೀರಿಗೆ ಬಿದ್ದ ಕೂಡಲೇ ಆ ಚಪ್ಪಟೆ ಅಣುಗಳು
ರೊಟ್ಟಿ ಪೇರಿಸಿದ ಹಾಗೆ ಒಂದರ ಮೇಲೊಂದು ಕೂತು
ಕಂಬವಾಗುತ್ತವೆ. ಯಾರೂ ಹೇಳಿಕೊಟ್ಟದ್ದಲ್ಲ.
ಗಾಜಿನ ಮೇಲೆ ಸುರಿದು, ಸರಳು ಹಿಡಿದು
ಒಂದೇ ಉಸಿರಿಗೆ ಎಳೆದರೆ
ಎಳೆದ ಕಡೆಗೇ ಮಲಗುತ್ತವೆ ಎಲ್ಲ,
ಎಣ್ಣೆ ಹಚ್ಚಿ ಬಾಚಿದ ಕೂದಲು.
ಅಡ್ಡ ಅಲುಗುವ ಬೆಳಕನ್ನು ನುಂಗುತ್ತವೆ,
ಉದ್ದ ಅಲುಗುವುದನ್ನು ಹೋಗಗೊಡುತ್ತವೆ.
ಉಳಿದದ್ದೆಲ್ಲ ಗಿರಾಕಿಯ ತಕರಾರು.

ಗಿರಾಕಿಗೆ ಬೂದು ಬೇಕು.
ಮೋಡದ ಬೂದು ಅಲ್ಲ, ಪಾರಿವಾಳದ್ದಲ್ಲ,
"ಯಾವುದನ್ನೂ ನೆನಪಿಸದ ಬೂದು" ಎಂದು ಬರೆದಿದ್ದರು.
ಮೂರು ಸಲ ವಾಪಸು ಬಂತು ಮಾಲು,
ಮೂರು ಸಲವೂ ಒಂದೇ ಮಾತು: ನಸುನೀಲಿ.

ಹಸಿಯಿದ್ದಾಗ ತಿದ್ದಬಹುದು, ಅರ್ಧ ಗ್ರಾಂ ಅದು, ಒಂದು ಹನಿ ಇದು.
ಆದರೆ ಹಸಿ ಬಣ್ಣ ಸುಳ್ಳು ಹೇಳುತ್ತದೆ;
ಬಳಿದ ಸುಣ್ಣ ಒಣಗಿದ ಮೇಲಲ್ಲವೆ ಬಿಳಿ?
ಒಣಗಿದ್ದು ನಿಜ ಹೇಳುತ್ತದೆ, ಆಗ ತಿದ್ದುವ ಹಾಗಿಲ್ಲ.
ಈ ಎರಡರ ನಡುವಿನ ನಾಲ್ಕು ನಿಮಿಷದಲ್ಲಿ
ಇಪ್ಪತ್ತಾರು ವರ್ಷ ಬಾಳಿದವಳು ಬೆರಿಲ್ ಸ್ಟ್ಯಾಥರ್ಸ್.
ಯಂತ್ರ ಕೊಟ್ಟ ಅಂಕಿಗಳ ಪಕ್ಕ ಪೆನ್ಸಿಲಿನಲ್ಲಿ
"ಹೌದು" ಅಂತಲೋ "ಸುಮ್ಮನಿರು" ಅಂತಲೋ ಗೀಚುವಳು.

ಅವಳ ತಾಯಿ ಈ ಊರಲ್ಲೇ
ಬಟ್ಟೆಗೆ ಹಾಕುವ ನೀಲಿಯ ಕಾರ್ಖಾನೆಯಲ್ಲಿದ್ದವಳು.
ಸ್ನಾನದ ನೀರು ನೀಲಿ, ದಿಂಬು ನೀಲಿ,
ಪೆಟ್ಟಿಗೆಯಲ್ಲಿ ಮಲಗಿಸಿದಾಗಲೂ ಉಗುರಿನ ಬುಡ ನೀಲಿ.
ಆಕೆ ಹೇಳುತ್ತಿದ್ದಳಂತೆ:
"ಬಿಳಿ ಅಂದರೆ ಏನಂದುಕೊಂಡೆ ಮಗಳೆ?
ನೀಲಿ ಹಾಕಿ ಹಳದಿಯ ಬಾಯಿ ಮುಚ್ಚಿಸಿದ್ದು."

ಮಾರ್ಚಿನಲ್ಲಿ ಬೆರಿಲ್‌ಗೆ ಎಡಗಣ್ಣಿನ ಆಪರೇಷನ್.
ಸೋಮವಾರ ಬಂದಳು, ಕೋಟೂ ಬಿಚ್ಚದೆ
ಪಾಸು ಮಾಡಿಟ್ಟ ಹಾಳೆಯೊಂದನ್ನು ಕಿಟಕಿಗೆ ಹಿಡಿದಳು.
ಒಂದು ಕಣ್ಣು ಮುಚ್ಚಿದಳು. ಇನ್ನೊಂದು.
ಮತ್ತೆ ಮೊದಲನೆಯದು.
ಸ್ಟೂಲನ್ನು ಕಾಲಲ್ಲೇ ಹುಡುಕಿ ಕೂತಳು.

"ಎಷ್ಟು ವರ್ಷದಿಂದಲೋ" ಎಂದಳು,
"ನನ್ನ ಕಣ್ಣಿನ ಹಳದಿಗೆ ನಾನೇ ನೀಲಿ ಹಾಕುತ್ತಿದ್ದೆ."

ಏನು ಹೇಳಬೇಕು? ಟೀ ಮಾಡಿದೆ.
ಆಮೇಲೆ ಹೇಳಿದೆ: ನನ್ನ ಭಾಷೆಯಲ್ಲಿ
ನಿನ್ನ ಕಣ್ಣಿಂದ ತೆಗೆದದ್ದಕ್ಕೂ
ನಾವಿಲ್ಲಿ ಗಾಜಿನ ಮೇಲೆ ಎಳೆಯುವುದಕ್ಕೂ ಒಂದೇ ಹೆಸರು, ಪೊರೆ.
ಹಾವು ಬೇಲಿಯಲ್ಲಿ ಬಿಟ್ಟು ಹೋಗುವುದೂ ಅದೇ.
"ಪೊ-ರೆ" ಅಂದಳು, ರುಚಿ ನೋಡುವಂತೆ. ನಕ್ಕಳು.
ಇನ್ನೊಂದು ಅರ್ಥ ಇತ್ತು,
ಕೈ ಮುಗಿದವರು ಕಣ್ಣು ಮುಚ್ಚಿ ಹೇಳುವುದು.
ಅದು ಬಾಯಿಗೆ ಬರುವಷ್ಟರಲ್ಲಿ ಒಲೆಯ ಗಂಟೆ ಹೊಡೆಯಿತು.

ಹೊಸ ಕಣ್ಣಿಂದ ಹೊಸದಾಗಿ ಕಲಸಿದಳು.
ಇಟ್ಟಿಗೆಗೆಂಪು, ಇನ್ನಷ್ಟು, ಸಾಕು, ಇಲ್ಲ, ಒಂದು ಚಿಟಿಕೆ.
ಹೆಚ್ಚಾದರೆ ಕಂಬ ಮುರಿದು ಮಂಜಾಗುತ್ತದೆ ಪೊರೆ,
ಆ ಹೆದರಿಕೆ ಅವಳ ಮಣಿಕಟ್ಟಿಗೆ ಗೊತ್ತು.
ಬಲಗಣ್ಣಿನ ಸರದಿ ಜೂನಿಗಂತೆ.
"ಅಲ್ಲಿಯವರೆಗೆ ಇದು ಹಳೆ ಗಿರಾಕಿಗಳಿಗೆ" ಎಂದು
ರೆಪ್ಪೆಯ ಮೇಲೆ ಬೆರಳಿಟ್ಟಳು.

ಒಣಗಿದ ಹಾಳೆ ಎರಡು.
ಒಂದರ ಮೇಲೊಂದಿಟ್ಟು ಮೆಲ್ಲಗೆ ತಿರುಗಿಸಿದಳು.
ನದಿ ಹೋಯಿತು, ಕ್ರೇನು ಹೋಯಿತು,
ಕಡಲಹಕ್ಕಿ ಅರ್ಧ ಹಾರಾಟದಲ್ಲೇ ಹೋಯಿತು.
"ಏನು ಬಣ್ಣ?" ಎಂದು ನನ್ನನ್ನು ಕೇಳಿದಳು.

ಯಾವ ಬಣ್ಣವೂ ಇಲ್ಲ ಎನ್ನಲು ಬಾಯಿ ತೆರೆದೆ.
ನನಗೂ ನಲವತ್ತೇಳು.
ಒಂದು ಕಣ್ಣು ಮುಚ್ಚಿದೆ. ಇನ್ನೊಂದು.